ಸ್ಪೀಕರ್ ಗುಂಯ್ ಅನ್ನುತ್ತಿದೆಯಾ? ಕೇಬಲ್ ಕೊಳ್ಳುವ ಮೊದಲು ಪ್ಲಗ್ ಕಿತ್ತು ನೋಡಿ

ಹಾಡು ನಿಂತಿದೆ, ಆಂಪ್ಲಿಫೈಯರ್ ಆನ್ ಇದೆ, ಆದರೂ ಸ್ಪೀಕರ್ ಸುಮ್ನಿರುವುದಿಲ್ಲ. ಗುಂಯ್ ಅಂತ ಒಂದೇ ಸಮನೆ ಸದ್ದು. ಹಗಲು ಹೊತ್ತು ಅಷ್ಟಾಗಿ ಗೊತ್ತಾಗುವುದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಹಾಡು ಕೇಳೋಣ ಅಂತ ಕೂತರೆ ಸಾಕು, ಕಿವಿ ಕೊರೆಯಲು ಶುರು ಮಾಡುತ್ತದೆ.

ನನ್ನ ಮನೆಯಲ್ಲಿ ಇದು ಶುರುವಾದಾಗ ನಾನು ಮಾಡಿದ ಮೊದಲ ಕೆಲಸ, ದುಬಾರಿ ಕೇಬಲ್ ತಂದದ್ದು. ಸದ್ದು ಹೋಗಲಿಲ್ಲ. ಎರಡನೆಯ ಕೆಲಸ, ಇನ್ನೂ ದುಬಾರಿ ಕೇಬಲ್ ತಂದದ್ದು. ಆಗಲೂ ಹೋಗಲಿಲ್ಲ. ಕೊನೆಗೆ ನೋಡಿದರೆ ತಪ್ಪು ಆಂಪ್‌ನದ್ದೂ ಅಲ್ಲ, ಸ್ಪೀಕರ್‌ನದ್ದೂ ಅಲ್ಲ, ಟಿವಿ ಹಿಂದೆ ಚುಚ್ಚಿದ್ದ ಆಂಟೆನಾ ವೈರ್‌ನದ್ದು. ಬೇರೇನೋ ಕಾರಣಕ್ಕೆ ಅದನ್ನು ಕಿತ್ತೆ, ಸದ್ದು ಪಟ್ ಅಂತ ನಿಂತಿತು. ಅಂದಿನಿಂದ ಯಾರಾದರೂ ಸ್ಪೀಕರ್ ಗುಂಯ್ ಅನ್ನುತ್ತಿದೆ ಅಂದರೆ ನಾನು ಹೇಳುವುದು ಒಂದೇ ಮಾತು: ಏನನ್ನೂ ಕೊಳ್ಳಬೇಡಿ, ಒಂದೊಂದಾಗಿ ಕಿತ್ತು ನೋಡಿ. ಹೇಗೆ ಕೀಳಬೇಕು, ಏನನ್ನು ಮಾತ್ರ ಕೀಳಲೇಬಾರದು, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೀಳಬಾರದ್ದು

ಮೂರು ಪಿನ್ನಿನ ಪ್ಲಗ್‌ನಲ್ಲಿ ಅರ್ಥ್ ಪಿನ್ ಇರುತ್ತದಲ್ಲ, ಅದನ್ನು ಮುರಿಯಬೇಡಿ, ಕತ್ತರಿಸಬೇಡಿ, ಟೇಪ್ ಸುತ್ತಬೇಡಿ. ಮೂರು ಪಿನ್ನನ್ನು ಎರಡು ಪಿನ್ ಮಾಡುವ ಅಡಾಪ್ಟರ್ ಹಾಕಬೇಡಿ. ಇಂಥ ಸಲಹೆ ನಿಮಗೆ ಖಂಡಿತ ಸಿಗುತ್ತದೆ, ಕೊಡುವವರು ಬಹಳ ಆತ್ಮವಿಶ್ವಾಸದಿಂದಲೇ ಕೊಡುತ್ತಾರೆ. ಕಷ್ಟ ಏನೆಂದರೆ, ಹಾಗೆ ಮಾಡಿದರೆ ಎಷ್ಟೋ ಸಲ ಸದ್ದು ನಿಜವಾಗಿಯೂ ನಿಲ್ಲುತ್ತದೆ. ಅದಕ್ಕೇ ಈ ಸಲಹೆ ಇನ್ನೂ ಸತ್ತಿಲ್ಲ.

ಆ ಪಿನ್ ಆಂಪ್‌ನ ಲೋಹದ ಡಬ್ಬವನ್ನು ಮನೆಯ ಅರ್ಥ್‌ಗೆ ಜೋಡಿಸಿರುತ್ತದೆ. ಒಳಗೆ ಫೇಸ್ ವೈರ್ ಸಡಿಲವಾಗಿ ಡಬ್ಬಕ್ಕೆ ತಾಗಿತು ಅಂದುಕೊಳ್ಳಿ. ಅರ್ಥ್ ಇದ್ದರೆ ಆ ದಾರಿಯಲ್ಲಿ ಒಮ್ಮೆಗೇ ಕರೆಂಟ್ ಹರಿದು ಫ್ಯೂಸ್ ಹಾರುತ್ತದೆ, ಇಲ್ಲವೇ ಬ್ರೇಕರ್ ಬೀಳುತ್ತದೆ, ಅಲ್ಲಿಗೆ ಮುಗಿಯಿತು. ಅರ್ಥ್ ಇಲ್ಲದಿದ್ದರೆ ಏನೂ ಹಾರುವುದಿಲ್ಲ, ಡಬ್ಬ ಸುಮ್ನೆ ಲೈವ್ ಆಗಿ ಕೂತಿರುತ್ತದೆ. ಅಷ್ಟೇ ಅಲ್ಲ. ಆಡಿಯೋ ಸಾಮಾನುಗಳನ್ನು ಜೋಡಿಸುವ ಮಾಮೂಲಿ ಆರ್‌ಸಿಎ ಕೇಬಲ್‌ನ ಹೊರಗಿನ ಶೀಲ್ಡ್ (ಒಳತಂತಿಯ ಸುತ್ತ ಇರುವ ಲೋಹದ ಹೊದಿಕೆ) ಒಂದು ಪೆಟ್ಟಿಗೆಯ ಮೈಯನ್ನು ಇನ್ನೊಂದರ ಮೈಗೆ ಜೋಡಿಸುವುದರಿಂದ, ಆಂಪ್ ಲೈವ್ ಆದರೆ ಅದಕ್ಕೆ ಸಿಕ್ಕಿಸಿದ ಟರ್ನ್‌ಟೇಬಲ್ (ಹಾಡಿನ ತಟ್ಟೆ ನುಡಿಸುವ ಯಂತ್ರ), ಲ್ಯಾಪ್‌ಟಾಪ್, ಹೆಡ್‌ಫೋನ್ ಜ್ಯಾಕ್ ಎಲ್ಲವೂ ಲೈವ್. 10 ಮಿಲಿಆಂಪ್ ಹೊತ್ತಿಗೇ ಹಿಡಿದ ಕೈ ಬಿಡಿಸಿಕೊಳ್ಳಲು ಕಷ್ಟವಾಗಬಹುದು. ಜೀವ ಉಳಿಸಲೆಂದು ಹಾಕುವ ಆರ್‌ಸಿಡಿಗಳು, ಅಂದರೆ ಕರೆಂಟ್ ಸೋರಿದರೆ ತಾವೇ ಬೀಳುವ ಸ್ವಿಚ್‌ಗಳು, ಸಾಮಾನ್ಯವಾಗಿ 30 ಮಿಲಿಆಂಪ್‌ಗೆ ಕರೆಂಟ್ ಕಡಿಯುವಂತೆ ಇರುವುದು ಸುಮ್ನೆ ಅಲ್ಲ.

ಹಾಗಾಗಿ ಮುಂದೆ ಹೇಳುವ ಪರಿಹಾರಗಳೆಲ್ಲ ಸಿಗ್ನಲ್ ಹೋಗುವ ಕೇಬಲ್ ಕಡೆಯವು. ಕರೆಂಟ್ ಕಡೆಯ ಅರ್ಥ್ ಇದ್ದ ಹಾಗೇ ಇರಲಿ.

ಸದ್ದನ್ನು ಸರಿಯಾಗಿ ಕೇಳಿಸಿಕೊಳ್ಳಿ

ಎಲ್ಲ ಗುಂಯ್ ಕೂಡ ಅರ್ಥಿಂಗ್ ತೊಂದರೆ ಅಲ್ಲ. ಐದು ನಿಮಿಷ ಸುಮ್ನೆ ಕೂತು ಕೇಳಿ.

ಕರೆಂಟ್ ಸೆಕೆಂಡಿಗೆ 50 ಸಲ ತೂಗುತ್ತದೆ, ಕೆಲವು ದೇಶಗಳಲ್ಲಿ 60 ಸಲ. ಗ್ರೌಂಡ್ ಲೂಪ್, ಅಂದರೆ ಅರ್ಥ್ ದಾರಿಗಳು ಸೇರಿ ಆಗುವ ಸುತ್ತು, ಹುಟ್ಟಿಸುವ ಸದ್ದು ಹೆಚ್ಚಾಗಿ ಇದೇ ಸ್ವರದಲ್ಲಿರುತ್ತದೆ. ತಗ್ಗು ದನಿ, ದುಂಡಗೆ, ತಂಬೂರಿಯ ಮಂದ್ರದ ತಂತಿ ಮೀಟಿ ಬಿಟ್ಟ ಹಾಗೆ. ಅದರ ಜೊತೆ ಸ್ವಲ್ಪ ಕರಕರ ಅನ್ನುವ ಮೇಲಿನ ಸ್ವರಗಳೂ ಸೇರಿರಬಹುದು. ಇದಕ್ಕೆ ಬದಲು ಅದರ ಎರಡರಷ್ಟು ಸ್ವರದಲ್ಲಿ, ಅಂದರೆ 100 ಅಥವಾ 120 ಹರ್ಟ್ಸ್‌ನಲ್ಲಿ, ಕಣಜದ ಹಾಗೆ ಒರಟಾಗಿ ಝೇಂಕರಿಸುತ್ತಿದ್ದರೆ ಆಂಪ್‌ನೊಳಗಿನ ಪವರ್ ಸಪ್ಲೈ ಮೇಲೆ ಅನುಮಾನ ಪಡಿ. ಹಳೆಯ ಆಂಪ್‌ಗಳಲ್ಲಿ ದೊಡ್ಡ ಕೆಪಾಸಿಟರ್‌ಗಳು ಒಣಗಿ ಹೀಗಾಗುತ್ತದೆ.

ಮೌಸ್ ಅಲ್ಲಾಡಿಸಿದಾಗ ಚಿರ್ರ್ ಅನ್ನುತ್ತದೆ, ಪುಟ ಸರಿಸಿದಾಗ ಕೀಂ ಅನ್ನುತ್ತದೆ ಅಂದರೆ ಅದು ಕಂಪ್ಯೂಟರ್‌ನಿಂದ ಬರುತ್ತಿದೆ. ದೀಪದ ಡಿಮ್ಮರ್ ತಿರುಗಿಸಿದಾಗ ಸದ್ದು ಬದಲಾದರೆ ಡಿಮ್ಮರ್‌ನಿಂದ. ಬರೀ ಸ್ಸ್ಸ್ ಅಂತ ಗಾಳಿ ಬೀಸಿದಂತಿದ್ದರೆ ಅದಕ್ಕೂ ಅರ್ಥಿಂಗ್‌ಗೂ ಸಂಬಂಧವೇ ಇಲ್ಲ.

ಇನ್ನೊಂದು ಇದೆ, ಇದರಲ್ಲಿ ಜಾಸ್ತಿ ಜನ ಮೋಸ ಹೋಗುತ್ತಾರೆ. ಸದ್ದು ಬರುತ್ತಿರುವುದು ಸ್ಪೀಕರ್‌ನಿಂದಲೇನಾ? ಆಂಪ್‌ನ ಡಬ್ಬದ ಹತ್ತಿರ ಕಿವಿಯಿಟ್ಟು ನೋಡಿ. ಡಬ್ಬವೇ ಗುಂಯ್ ಅನ್ನುತ್ತಿದ್ದರೆ ಅದು ಒಳಗಿನ ಟ್ರಾನ್ಸ್‌ಫಾರ್ಮರ್ ನಡುಗುವ ಸದ್ದು. ಕರೆಂಟ್ ಜೊತೆ ಸ್ವಲ್ಪ ಡಿಸಿ ಸೇರಿದ್ದರೂ ದುಂಡನೆಯ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್‌ಗಳು ಹೀಗೆ ಗೊಣಗುತ್ತವೆ. ಆಡಿಯೋ ಕೇಬಲ್ ಎಷ್ಟು ಬದಲಾಯಿಸಿದರೂ ಅದು ಹೋಗುವುದಿಲ್ಲ.

ಈಗ ವಾಲ್ಯೂಮ್ ತಿರುಗಿಸಿ. ವಾಲ್ಯೂಮ್ ಜೊತೆಗೇ ಸದ್ದೂ ಏರಿ ಇಳಿದರೆ, ಅದು ವಾಲ್ಯೂಮ್ ಗುಂಡಿಗಿಂತ ಮೊದಲೇ, ಅಂದರೆ ಯಾವುದೋ ಇನ್‌ಪುಟ್‌ನಲ್ಲಿ ಒಳಗೆ ಬರುತ್ತಿದೆ. ಪೂರ್ತಿ ಇಳಿಸಿದರೂ ಸದ್ದು ಅಷ್ಟೇ ಇದ್ದರೆ, ಗುಂಡಿಯ ಆಚೆ ಬರುತ್ತಿದೆ: ಪವರ್ ಆಂಪ್‌ನಲ್ಲಿ, ಇಲ್ಲವೇ ಸ್ವಂತ ಪ್ಲಗ್ ಇರುವ ಸಬ್‌ವೂಫರ್‌ನಲ್ಲಿ. ಈ ಒಂದು ಪರೀಕ್ಷೆ ಅರ್ಧ ಕೆಲಸ ಮುಗಿಸುತ್ತದೆ. ಖರ್ಚೂ ಇಲ್ಲ.

ಲೂಪ್ ಅಂದರೆ ಏನು

ಆಂಪ್‌ಗೆ ಅರ್ಥ್ ಇದೆ, ಕಂಪ್ಯೂಟರ್‌ಗೂ ಅರ್ಥ್ ಇದೆ. ಎರಡೂ ಬೇರೆ ಬೇರೆ ಗೋಡೆಯ ಸಾಕೆಟ್‌ಗಳಿಗೆ ಹೋಗಿವೆ. ಆ ಎರಡು ಸಾಕೆಟ್‌ಗಳ ಅರ್ಥ್ ಮೇಲೆ ಹೋಗಿ ಎಲ್ಲೋ ಸೇರುತ್ತವೆ ನಿಜ, ಆದರೆ ಸಾಕೆಟ್ ಹತ್ತಿರ ಎರಡೂ ಒಂದೇ ಮಟ್ಟದಲ್ಲಿರುವುದಿಲ್ಲ. ಬೇರೆ ಉಪಕರಣಗಳಿಂದ ಸೋರಿದ ಚೂರು ಕರೆಂಟ್ ಅರ್ಥ್ ವೈರ್‌ನಲ್ಲಿ ಹರಿಯುತ್ತಲೇ ಇರುತ್ತದೆ. ಹತ್ತಿರದ ಕರೆಂಟ್ ವೈರ್‌ಗಳ ಕಾಂತಕ್ಷೇತ್ರವೂ ಅದರಲ್ಲಿ ಒಂದಿಷ್ಟು ವೋಲ್ಟೇಜ್ ಹುಟ್ಟಿಸುತ್ತದೆ. ಈಗ ನೀವು ಈ ಎರಡು ಪೆಟ್ಟಿಗೆಗಳ ನಡುವೆ ಆರ್‌ಸಿಎ ಕೇಬಲ್ ಸಿಕ್ಕಿಸಿದಿರಿ. ಅದರ ಶೀಲ್ಡ್ ಎರಡು ಅರ್ಥ್‌ಗಳ ನಡುವೆ ಸೇತುವೆ ಆಯಿತು. ಗೋಡೆಯಿಂದ ಆಂಪ್, ಆಂಪ್‌ನಿಂದ ಕೇಬಲ್, ಕೇಬಲ್‌ನಿಂದ ಕಂಪ್ಯೂಟರ್, ಅಲ್ಲಿಂದ ಮತ್ತೆ ಗೋಡೆ. ಸುತ್ತು ಪೂರ್ತಿಯಾಯಿತು. ಆ ಸುತ್ತಿನಲ್ಲಿ ಕರೆಂಟ್ ಹರಿಯುತ್ತದೆ.

ಆರ್‌ಸಿಎ ಕೇಬಲ್‌ನಲ್ಲಿ ಶೀಲ್ಡ್ ಬರೀ ಕಾವಲುಗಾರ ಅಲ್ಲ, ಸಿಗ್ನಲ್ ವಾಪಸ್ ಬರುವ ದಾರಿಯೂ ಅದೇ. ಶೀಲ್ಡ್‌ನ ರೆಸಿಸ್ಟೆನ್ಸ್ 0.1 ಓಮ್, ಅದರಲ್ಲಿ ಹರಿಯುವ ಕರೆಂಟ್ 10 ಮಿಲಿಆಂಪ್ ಅಂತ ಇಟ್ಟುಕೊಳ್ಳಿ. ಗುಣಿಸಿದರೆ 1 ಮಿಲಿವೋಲ್ಟ್. ಏನು ಮಹಾ ಅನ್ನಿಸಬಹುದು. ಮನೆಯ ಆಡಿಯೋ ಲೈನ್ ಸಿಗ್ನಲ್ ಸುಮಾರು 300 ಮಿಲಿವೋಲ್ಟ್. ಅಂದರೆ ಗುಂಯ್ ಅನ್ನುವುದು ಹಾಡಿಗಿಂತ ಬರೀ 50 ಡೆಸಿಬೆಲ್ ಕೆಳಗಿದೆ. ಅಬ್ಬರದ ಹಾಡಿನಲ್ಲಿ ಮುಚ್ಚಿಹೋಗುತ್ತದೆ, ಆಲಾಪದ ನಡುವೆ ಉಸಿರು ಎಳೆದುಕೊಳ್ಳುವಾಗ ಸ್ಪಷ್ಟವಾಗಿ ಕೇಳುತ್ತದೆ. ದುಬಾರಿ ಕೇಬಲ್ ಯಾಕೆ ಕೆಲಸ ಮಾಡಲಿಲ್ಲ ಅಂತ ನನಗೆ ಹೊಳೆದದ್ದು ಈ ಲೆಕ್ಕ ಮಾಡಿದ ಮೇಲೆ. ಗಟ್ಟಿ ಶೀಲ್ಡ್ ಇದ್ದರೆ ರೆಸಿಸ್ಟೆನ್ಸ್ ಸ್ವಲ್ಪ ಇಳಿದು ಸದ್ದೂ ಸ್ವಲ್ಪ ಇಳಿಯಬಹುದು, ಆದರೆ ಸುತ್ತು ಹಾಗೇ ಉಳಿಯುತ್ತದಲ್ಲ!

ಕೀಳುವ ಕ್ರಮ

ಪ್ರತಿ ಸಲವೂ ಆಂಪ್ ಆಫ್ ಮಾಡಿಯೇ ಕೇಬಲ್ ಕೀಳಿ, ಸಿಕ್ಕಿಸಿ. ಆನ್ ಇರುವಾಗ ಆರ್‌ಸಿಎ ಎಳೆದರೆ ಸ್ಪೀಕರ್ ಢಂ ಅನ್ನುತ್ತದೆ, ಟ್ವೀಟರ್ (ಮೇಲಿನ ಸ್ವರ ನುಡಿಸುವ ಪುಟ್ಟ ಸ್ಪೀಕರ್) ಹೋದರೂ ಹೋಯಿತು.

ಮೊದಲು ಆಂಪ್‌ಗೆ ಬರುವ ಎಲ್ಲ ಕೇಬಲ್‌ಗಳನ್ನೂ ಕಿತ್ತುಬಿಡಿ. ಸ್ಪೀಕರ್ ವೈರ್ ಮತ್ತು ಪವರ್ ಪ್ಲಗ್ ಬಿಟ್ಟು ಏನೂ ಇರಬಾರದು. ಎಚ್‌ಡಿಎಂಐ, ಯುಎಸ್‌ಬಿ, ನೆಟ್‌ವರ್ಕ್ ಕೇಬಲ್, ಎಫ್‌ಎಂ ಆಂಟೆನಾ, ಸಬ್‌ವೂಫರ್ ಕೇಬಲ್, ಎಲ್ಲವೂ ಹೊರಗೆ. ಅದು ಸಿಗ್ನಲ್ ಕೇಬಲ್ ಅಲ್ಲವಲ್ಲ ಅಂತ ಒಂದನ್ನು ಬಿಟ್ಟುಬಿಡುವುದೇ ದೊಡ್ಡ ತಪ್ಪು, ಯಾಕೆಂದರೆ ಲೂಪ್‌ಗೆ ಬೇಕಾಗಿರುವುದು ಸಿಗ್ನಲ್ ಅಲ್ಲ, ಒಂದು ಲೋಹದ ದಾರಿ. ಈಗ ಆನ್ ಮಾಡಿ. ಇನ್ನೂ ಗುಂಯ್ ಅನ್ನುತ್ತಿದ್ದರೆ ತೊಂದರೆ ಆಂಪ್ ಒಳಗೇ ಇದೆ, ಗ್ರೌಂಡ್ ಲೂಪ್ ಅಲ್ಲ. ಸುಮ್ನಾದರೆ ಆಂಪ್ ಸರಿಯಾಗಿದೆ, ಮುಂದೆ ನಡೆಯಿರಿ.

ಒಂದು ಕೇಬಲ್ ಸಿಕ್ಕಿಸಿ, ಆನ್ ಮಾಡಿ, ಕೇಳಿ. ಆಫ್ ಮಾಡಿ, ಇನ್ನೊಂದು. ಬೇಜಾರಿನ ಕೆಲಸ, ಆದರೆ ಎರಡೆರಡು ಒಟ್ಟಿಗೆ ಸಿಕ್ಕಿಸಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಯಾವ ಕೇಬಲ್ ಸಿಕ್ಕಿಸಿದಾಗ ಸದ್ದು ಬಂತೋ ಅಲ್ಲಿ ನಿಲ್ಲಿ. ಈಗ ಆ ಕೇಬಲ್‌ನ ಆಚೆ ತುದಿಯ ಪೆಟ್ಟಿಗೆಗೆ ಹೋಗಿ, ಅದಕ್ಕೆ ಬೇರೆ ಏನೇನು ಸಿಕ್ಕಿಸಿದೆ ನೋಡಿ. ನನ್ನ ಮನೆಯಲ್ಲಿ ಸದ್ದು ಬಂದದ್ದು ಟಿವಿ ಕೇಬಲ್ ಸಿಕ್ಕಿಸಿದಾಗ, ಆದರೆ ಕಳ್ಳ ಟಿವಿ ಅಲ್ಲ. ಟಿವಿಗೆ ಇದ್ದದ್ದು ಎರಡೇ ಪಿನ್, ಅರ್ಥ್ ಬರುತ್ತಿದ್ದದ್ದು ಆಂಟೆನಾ ವೈರ್‌ನ ಶೀಲ್ಡ್ ಮೂಲಕ. ಅದು ಮೇಲೆ ಎಲ್ಲೋ ಬೇರೆ ಕಡೆ ಅರ್ಥ್ ಆಗಿತ್ತು.

ಕೇಬಲ್‌ನದ್ದೇ ತಪ್ಪೂ ಇರಬಹುದು. ಶೀಲ್ಡ್ ಒಳಗೆ ತುಂಡಾಗಿದ್ದರೆ ಸದ್ದು ಮೆಲ್ಲಗಿರುವುದಿಲ್ಲ, ಜೋರಾಗಿ ಬರ್ರ್ ಅನ್ನುತ್ತದೆ. ತುದಿಯನ್ನು ಮೆಲ್ಲಗೆ ಅಲ್ಲಾಡಿಸಿದರೆ ಹೋಗಿ ಬರುತ್ತದೆ. ಅದೊಂದು ಕೇಬಲ್ ಬದಲಾಯಿಸಿದರೆ ಸಾಕು.

ಸಿಕ್ಕಿತು, ಈಗೇನು

ಮೊದಲ ಮದ್ದು ಬಿಟ್ಟಿ. ಸಿಸ್ಟಮ್‌ನ ಎಲ್ಲ ಪ್ಲಗ್‌ಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ, ಆ ಬೋರ್ಡನ್ನು ಒಂದೇ ಸಾಕೆಟ್‌ಗೆ ಸಿಕ್ಕಿಸಿ. ಆಗ ಅರ್ಥ್‌ಗಳ ನಡುವಿನ ದೂರ ಕೋಣೆಯಷ್ಟು ಇದ್ದದ್ದು ಗೇಣಿನಷ್ಟಾಗುತ್ತದೆ. ಬೋರ್ಡ್ ಮೂರು ಪಿನ್ನಿನದ್ದಾಗಿರಲಿ, ಒಳಗೆ ಅರ್ಥ್ ನಿಜವಾಗಿ ಜೋಡಿಸಿರಲಿ, ಬೋರ್ಡ್‌ಗೆ ಬೋರ್ಡ್ ಸೇರಿಸಿ ಬಾಲ ಬೆಳೆಸಬೇಡಿ. ಮನೆಯ ಆಡಿಯೋ ಸಾಮಾನು ಸಾಮಾನ್ಯವಾಗಿ ಅಷ್ಟೇನೂ ಕರೆಂಟ್ ಎಳೆಯುವುದಿಲ್ಲ, ಆದರೂ ಬೋರ್ಡ್ ಮೇಲೆ ಬರೆದ ಮಿತಿ ನೋಡಿಕೊಳ್ಳಿ. ಹೀಟರ್, ಇಸ್ತ್ರಿ ಪೆಟ್ಟಿಗೆ ಅದಕ್ಕೆ ಬೇಡ. ಆಡಿಯೋ ಕೇಬಲ್‌ಗಳನ್ನು ಒಟ್ಟಿಗೆ ಕಟ್ಟಿ, ಪವರ್ ವೈರ್‌ಗಳಿಂದ ದೂರ ಇಡಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ, ಜೊತೆಗೆ ಉದ್ದಕ್ಕೂ ಓಡಬಾರದು. ಇಷ್ಟಕ್ಕೇ ಎಷ್ಟೋ ಮನೆಗಳಲ್ಲಿ ಸದ್ದು ಹೋಗುತ್ತದೆ.

ಆಂಟೆನಾ ಅಥವಾ ಕೇಬಲ್ ಟಿವಿ ವೈರ್ ಕಾರಣವಾದರೆ ಅದಕ್ಕೆಂದೇ ಐಸೊಲೇಟರ್ ಸಿಗುತ್ತದೆ. ಬೆರಳಿನಷ್ಟು ದೊಡ್ಡದು. ಟಿವಿ ಸಿಗ್ನಲ್ ಬಿಟ್ಟು 50 ಹರ್ಟ್ಸ್ ತಡೆಯುತ್ತದೆ. ಟಿವಿಯ ಹಿಂದೆ ಹಾಕಿ. ಮನೆಯ ಹೊರಗೆ ಆ ವೈರ್‌ಗೆ ಕೊಟ್ಟಿರುವ ಅರ್ಥ್ ಮಾತ್ರ ಮುಟ್ಟಬೇಡಿ, ಅದು ಸಿಡಿಲಿನ ವಿಷಯ. ಡಿಶ್ ಆಂಟೆನಾ ಇದ್ದರೆ ಈ ಉಪಾಯ ನಡೆಯುವುದಿಲ್ಲ. ಡಿಶ್ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಎಂಬ ಭಾಗಕ್ಕೆ ಬೇಕಾದ ಡಿಸಿ ಕರೆಂಟ್ ಅದೇ ವೈರ್‌ನಲ್ಲಿ ಮೇಲೆ ಹೋಗುತ್ತದೆ, ಐಸೊಲೇಟರ್ ಅದನ್ನೂ ತಡೆದುಬಿಟ್ಟರೆ ಚಿತ್ರವೇ ಬರುವುದಿಲ್ಲ. ಅಲ್ಲಿ ಸೆಟ್‌ಟಾಪ್ ಬಾಕ್ಸ್ ಮತ್ತು ಆಂಪ್ ನಡುವೆ ಲೂಪ್ ಕಡಿಯಿರಿ.

ಕಡಿಯುವುದಕ್ಕೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಪ್ಟಿಕಲ್ ಕೇಬಲ್. 1983ರಲ್ಲಿ ತೋಶಿಬಾ ತಂದ ಟಾಸ್‌ಲಿಂಕ್ ಇವತ್ತಿಗೂ ಎಷ್ಟೋ ಟಿವಿಗಳ ಹಿಂದೆ ಇದೆ. ಅದರಲ್ಲಿ ಹೋಗುವುದು ಬೆಳಕು, ಲೋಹದ ತಂತಿ ಇಲ್ಲವೇ ಇಲ್ಲ, ಲೂಪ್ ಆಗಲು ದಾರಿಯೇ ಇಲ್ಲ. ಒಂದೇ ಎಚ್ಚರಿಕೆ: ಆಪ್ಟಿಕಲ್ ಹಾಕಿ, ಎಚ್‌ಡಿಎಂಐ ಕೇಬಲನ್ನೂ ಹಾಗೇ ಬಿಟ್ಟರೆ ಸುತ್ತು ಮತ್ತೆ ಕೂಡಿಕೊಳ್ಳುತ್ತದೆ. ಬ್ಲೂಟೂತ್ ಕೂಡ ಇದೇ ರೀತಿ ಕಡಿಯುತ್ತದೆ, ಗುಣಮಟ್ಟದ ಬಗ್ಗೆ ನಿಮಗೆ ತಕರಾರಿಲ್ಲದಿದ್ದರೆ.

ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಸದ್ದು ಹೋಯಿತಾ? ಹಾಗಾದರೆ ಚಾರ್ಜರ್ ಮೂಲಕವೇ ಬರುತ್ತಿದೆ. ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್‌ಗೆ ಹೋಗುವ ಸಿಗ್ನಲ್ ಮಾಡುವ ಪೆಟ್ಟಿಗೆ) ಬಳಸುತ್ತಿದ್ದರೆ ನಡುವೆ ಯುಎಸ್‌ಬಿ ಐಸೊಲೇಟರ್ ಹಾಕಬಹುದು. ಅಗ್ಗದವು ಬಹುಪಾಲು ಸೆಕೆಂಡಿಗೆ 12 ಮೆಗಾಬಿಟ್ ವೇಗದವು. ಎರಡು ಚಾನಲ್‌ನ 24 ಬಿಟ್, 96 ಕಿಲೋಹರ್ಟ್ಸ್ ಆಡಿಯೋಗೆ ಅಷ್ಟು ಸಾಕು, 192ಕ್ಕೆ ಸಾಲದು.

ಸಬ್‌ವೂಫರ್ ಇದರಲ್ಲಿ ದೊಡ್ಡ ಅಪರಾಧಿ. ಕೋಣೆಯ ಇನ್ನೊಂದು ಮೂಲೆಯಲ್ಲಿ, ಬೇರೆ ಸಾಕೆಟ್‌ನಲ್ಲಿ, ಉದ್ದನೆಯ ಕೇಬಲ್ ತುದಿಯಲ್ಲಿ ಕೂತಿರುತ್ತದೆ. ಹುಟ್ಟಿದ್ದೇ ತಗ್ಗು ಸ್ವರ ನುಡಿಸಲು, ಹಾಗಾಗಿ 50 ಹರ್ಟ್ಸನ್ನು ಪ್ರೀತಿಯಿಂದ ಎತ್ತಿ ಕೊಡುತ್ತದೆ. ಮೊದಲು ಅದರ ಪ್ಲಗ್ಗನ್ನು ಆಂಪ್ ಇರುವ ಬೋರ್ಡ್‌ಗೇ ತಂದು ನೋಡಿ. ಆಗದಿದ್ದರೆ ನಡುವೆ ಆಡಿಯೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ. ಇದು ಸಿಗ್ನಲ್ಲನ್ನು ಕಾಂತಶಕ್ತಿಯ ಮೂಲಕ ದಾಟಿಸುತ್ತದೆ, ಶೀಲ್ಡ್‌ಗೆ ಶೀಲ್ಡ್ ಸೇರುವುದಿಲ್ಲ. ಇಲ್ಲಿ ಮಾತ್ರ ಜಿಪುಣತನ ಬೇಡ. ಅಗ್ಗದ ಪುಟಾಣಿ ಟ್ರಾನ್ಸ್‌ಫಾರ್ಮರ್‌ಗಳು ತಗ್ಗು ಸ್ವರವನ್ನೇ ನುಂಗುತ್ತವೆ. ಗುಂಯ್ ಹೋಯಿತು, ಜೊತೆಗೆ ಮೃದಂಗದ ಎಡಗೈಯೂ ಹೋಯಿತು ಅಂದರೆ ಸಬ್‌ವೂಫರ್ ಯಾಕೆ ಬೇಕಿತ್ತು?

ಟರ್ನ್‌ಟೇಬಲ್ ಕಥೆ ಬೇರೆ. ತಟ್ಟೆಯ ಮೇಲೆ ಓಡುವ ಮುಳ್ಳನ್ನು ಹಿಡಿದಿರುವ ಭಾಗವೇ ಕಾರ್ಟ್ರಿಜ್. ಮೂವಿಂಗ್ ಮ್ಯಾಗ್ನೆಟ್ ಬಗೆಯದು ಕೊಡುವುದೇ ಸುಮಾರು 5 ಮಿಲಿವೋಲ್ಟ್, ಮೂವಿಂಗ್ ಕಾಯಿಲ್ ಆದರೆ ಎಷ್ಟೋ ಸಲ ಅರ್ಧ ಮಿಲಿವೋಲ್ಟೂ ಇಲ್ಲ. ಫೋನೋ ಇನ್‌ಪುಟ್ ಅದನ್ನು ನೂರು ಪಟ್ಟು, ಸಾವಿರ ಪಟ್ಟು ಹಿಗ್ಗಿಸುತ್ತದೆ, ಗುಂಯ್ ಸಿಕ್ಕರೆ ಅದನ್ನೂ ಅಷ್ಟೇ ಹಿಗ್ಗಿಸುತ್ತದೆ. ಟರ್ನ್‌ಟೇಬಲ್‌ನಿಂದ ಕೇಬಲ್ ಜೊತೆ ಒಂದು ತೆಳ್ಳನೆಯ ಒಂಟಿ ವೈರ್ ಬರುತ್ತದೆ. ಅದನ್ನು ಆಂಪ್‌ನ ಹಿಂದೆ ಗ್ರೌಂಡ್ ಅಂತ ಬರೆದ ತಿರುಪಿಗೆ ಬಿಗಿಯಿರಿ. ಸಡಿಲ ಇದ್ದರೆ, ತುಕ್ಕು ಹಿಡಿದಿದ್ದರೆ ಜೋರು ಸದ್ದು ಬರುತ್ತದೆ. ಕಾರ್ಟ್ರಿಜ್ ಹೊತ್ತ ತೋಳನ್ನು, ಅಂದರೆ ಟೋನ್‌ಆರ್ಮನ್ನು, ಮುಟ್ಟಿದಾಗ ಸದ್ದು ಬದಲಾದರೆ ಮೊದಲು ಈ ವೈರನ್ನೇ ನೋಡಿ. ಇದಕ್ಕೂ ಕರೆಂಟ್‌ನ ಅರ್ಥ್ ಪಿನ್‌ಗೂ ಸಂಬಂಧ ಇಲ್ಲ, ಇದನ್ನು ಧೈರ್ಯವಾಗಿ ತೆಗೆದು ಹಾಕಿ ಪರೀಕ್ಷಿಸಬಹುದು. ವೈರ್ ಸರಿಯಿದ್ದೂ ಸದ್ದು ಬಂದರೆ ಟರ್ನ್‌ಟೇಬಲ್ಲನ್ನು ಆಂಪ್‌ನ ಟ್ರಾನ್ಸ್‌ಫಾರ್ಮರ್‌ನಿಂದ ಸ್ವಲ್ಪ ದೂರ ಸರಿಸಿ. ಕಾರ್ಟ್ರಿಜ್ ಕೂಡ ಒಂದು ಸುರುಳಿ ತಾನೇ, ಕಾಂತಕ್ಷೇತ್ರವನ್ನು ನೇರವಾಗಿ ಹಿಡಿಯುತ್ತದೆ.

ಬ್ಯಾಲೆನ್ಸ್ಡ್ ಕೇಬಲ್, ಅಂದರೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್, ನಿಮ್ಮ ಎರಡೂ ಪೆಟ್ಟಿಗೆಗಳಲ್ಲಿ ಇದ್ದರೆ ಅದನ್ನೇ ಬಳಸಿ. ಸಿಗ್ನಲ್ ಎರಡು ಬೇರೆ ತಂತಿಗಳಲ್ಲಿ ಹೋಗುತ್ತದೆ, ಶೀಲ್ಡ್‌ಗೆ ಕಾವಲು ಕೆಲಸ ಮಾತ್ರ. ಆದರೂ ಕೆಲವು ಪೆಟ್ಟಿಗೆಗಳು ಗುಂಯ್ ಅನ್ನುತ್ತವೆ. ಶೀಲ್ಡ್ ಬರುವ 1ನೇ ಪಿನ್ನನ್ನು ಲೋಹದ ಡಬ್ಬಕ್ಕೆ ಜೋಡಿಸುವ ಬದಲು ಒಳಗಿನ ಸರ್ಕ್ಯೂಟ್ ಗ್ರೌಂಡ್‌ಗೆ ತಂದುಬಿಟ್ಟಿರುತ್ತಾರೆ. ನೀಲ್ ಮನ್ಸಿ ಎಂಬ ಆಡಿಯೋ ತಜ್ಞರು 1995ರಲ್ಲಿ ಇದನ್ನು ಪಿನ್ 1 ತೊಂದರೆ ಅಂತ ಕರೆದು ಬರೆದರು. ಆಮೇಲೆ ಅದನ್ನು ಹೇಗೆ ಜೋಡಿಸಬೇಕೆಂದು ಎಇಎಸ್48 ಎಂಬ ಮಾನದಂಡವೇ ಬಂತು.

ಆರ್‌ಸಿಎ ಕೇಬಲ್‌ನ ಶೀಲ್ಡನ್ನು ಒಂದು ತುದಿಯಲ್ಲಿ ಕತ್ತರಿಸಿ ಅಂತಲೂ ಕೆಲವರು ಹೇಳುತ್ತಾರೆ. ಬ್ಯಾಲೆನ್ಸ್ಡ್ ಕೇಬಲ್‌ನಲ್ಲಿ ಅದು ನಡೆಯುತ್ತದೆ. ಆರ್‌ಸಿಎಯಲ್ಲಿ ಕತ್ತರಿಸಿದರೆ ಸಿಗ್ನಲ್ ವಾಪಸ್ ಬರುವ ದಾರಿಯೇ ಹೋಗುತ್ತದೆ, ಸದ್ದು ಇನ್ನೂ ಜಾಸ್ತಿಯಾಗುತ್ತದೆ.

ಜುಂ ಅನ್ನುವ ಡಬ್ಬ, ಗೋಡೆಯೊಳಗಿನ ಅರ್ಥ್

ಡಬ್ಬ ಮುಟ್ಟಿದರೆ ಇರುವೆ ಹರಿದಂತೆ ಜುಂ ಅನ್ನುತ್ತದೆಯಾ? ಎರಡು ಪಿನ್ನಿನ ಸಾಮಾನಾದರೆ ಅದರೊಳಗಿನ ಸಣ್ಣ ಕೆಪಾಸಿಟರ್ ಮೂಲಕ ಚೂರು ಕರೆಂಟ್ ಬರುತ್ತಿರುತ್ತದೆ. ಸಾಮಾನ್ಯವಾಗಿ ಅರ್ಧ ಮಿಲಿಆಂಪ್‌ಗಿಂತ ಕಡಿಮೆ. ಕಿರಿಕಿರಿ ನಿಜ, ಕೆಟ್ಟಿದೆ ಅಂತ ಅರ್ಥವಲ್ಲ. ಆದರೆ ಮೂರು ಪಿನ್ನಿನ ಆಂಪ್ ಜುಂ ಅಂದರೆ ಗಂಭೀರವಾಗಿ ತೆಗೆದುಕೊಳ್ಳಿ. ಅರ್ಥ್ ಸರಿಯಿದ್ದರೆ ಹಾಗೆ ಆಗಲೇಬಾರದು. ಸಾಕೆಟ್‌ನ ಅರ್ಥ್ ತುಂಡಾಗಿದೆ, ಇಲ್ಲವೇ ಅಲ್ಲಿ ತೂತು ಮಾತ್ರ ಇದೆ, ಹಿಂದೆ ವೈರೇ ಇಲ್ಲ. ಜುಂ ಅನ್ನುವುದಲ್ಲ, ಸರಿಯಾಗಿ ಶಾಕ್ ಹೊಡೆದರೆ ಆಂಪ್ ಮುಟ್ಟಲೇ ಹೋಗಬೇಡಿ, ಮೇನ್ ಸ್ವಿಚ್ ಆಫ್ ಮಾಡಿ ಆಮೇಲೆ ಪ್ಲಗ್ ಕೀಳಿ.

ಮೀಟರ್ ಹಿಡಿದು ಅಭ್ಯಾಸ ಇದ್ದವರು ಸಾಕೆಟ್ ಅಳೆಯಬಹುದು, ಇಲ್ಲದವರು ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ, ಇದರಲ್ಲಿ ಮುಜುಗರ ಏನೂ ಇಲ್ಲ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಪೂರ್ತಿ ವೋಲ್ಟೇಜ್ ಬರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಇಲ್ಲಿ ಅರ್ಧದಷ್ಟು ತೋರಿಸಿ ಅಂಕಿ ಓಲಾಡುತ್ತಿದ್ದರೆ ಅರ್ಥ್ ಎಲ್ಲೋ ಬಿಟ್ಟುಹೋಗಿದೆ, ಮೀಟರ್ ತೋರಿಸುತ್ತಿರುವುದು ಭೂತದ ವೋಲ್ಟೇಜ್. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಸಾಮಾನ್ಯವಾಗಿ ಒಂದೆರಡು ವೋಲ್ಟ್ ಇರುತ್ತದೆ. ಅದೇ ಸಾಲಿನಲ್ಲಿ ಹೀಟರ್ ಹಾಕಿದರೂ ಅದು ಸೊನ್ನೆಯಿಂದ ಕದಲದಿದ್ದರೆ ಯಾರೋ ಸಾಕೆಟ್ ಒಳಗೇ ನ್ಯೂಟ್ರಲ್‌ಗೆ ಅರ್ಥ್ ಸೇರಿಸಿ ಕೈ ತೊಳೆದುಕೊಂಡಿರಬಹುದು. ಆಗ ನ್ಯೂಟ್ರಲ್ ಕರೆಂಟ್ ನಿಮ್ಮ ಆಡಿಯೋ ಕೇಬಲ್‌ನ ಶೀಲ್ಡ್‌ನಲ್ಲೂ ಹರಿದು ಗುಂಯ್ ಅನ್ನುತ್ತದೆ. ಅದಾದರೂ ಪರವಾಗಿಲ್ಲ, ಮುಂದೆ ಎಂದಾದರೂ ನ್ಯೂಟ್ರಲ್ ತುಂಡಾದರೆ ಆಂಪ್‌ನ ಡಬ್ಬವೇ ಲೈವ್ ಆಗುತ್ತದೆ. ಅಂದ ಹಾಗೆ, ಸ್ಕ್ರೂಡ್ರೈವರ್ ಟೆಸ್ಟರ್ ಬೆಳಗಿದರೆ ಫೇಸ್ ಇದೆ ಅಂತ ಗೊತ್ತಾಗುತ್ತದೆ, ಅರ್ಥ್ ಇದೆಯೋ ಇಲ್ಲವೋ ಅದು ಹೇಳುವುದಿಲ್ಲ.

ಆಡಿಯೋಗೇ ಅಂತ ಹಿತ್ತಲಲ್ಲಿ ಬೇರೆ ಸಲಾಕೆ ಹೂಳಿ, ಮನೆಯ ಅರ್ಥ್ ಬಿಡಿಸಿ, ಅದಕ್ಕೆ ಜೋಡಿಸುವ ಹುಚ್ಚು ಕೆಲವರಿಗಿದೆ. ಬೇಡ. ಒಂಟಿ ಸಲಾಕೆಯ ರೆಸಿಸ್ಟೆನ್ಸ್ ಜಾಸ್ತಿ, ಶಾರ್ಟ್ ಆದಾಗ ಬ್ರೇಕರ್ ಬೀಳುವಷ್ಟು ಕರೆಂಟ್ ಅದರಲ್ಲಿ ಹರಿಯದೇ ಹೋಗಬಹುದು. ಹತ್ತಿರದಲ್ಲಿ ಸಿಡಿಲು ಬಡಿದರೆ ಎರಡು ಅರ್ಥ್‌ಗಳ ನಡುವೆ ಸಾವಿರಾರು ವೋಲ್ಟ್ ಅಂತರ ಬಂದು ಅದು ನಿಮ್ಮ ಸಿಸ್ಟಮ್ ಮೂಲಕವೇ ದಾರಿ ಹುಡುಕುತ್ತದೆ.

ಇಷ್ಟೆಲ್ಲ ಆದ ಮೇಲೂ, ಏನೂ ಸಿಕ್ಕಿಸದ ಆಂಪ್ ಒಂಟಿಯಾಗಿ ಗುಂಯ್ ಅನ್ನುತ್ತಿದ್ದರೆ ಅದನ್ನು ರಿಪೇರಿಯವರಿಗೆ ಕೊಡಿ. ಪ್ಲಗ್ ಕಿತ್ತಿದ್ದೇನಲ್ಲ ಅಂತ ನೀವೇ ಮುಚ್ಚಳ ಬಿಚ್ಚಬೇಡಿ, ಒಳಗಿನ ದೊಡ್ಡ ಕೆಪಾಸಿಟರ್‌ಗಳು ಕರೆಂಟ್ ಹೋದ ಮೇಲೂ ಚಾರ್ಜ್ ಹಿಡಿದುಕೊಂಡಿರುತ್ತವೆ. ಕೊಡುವಾಗ ನೀವು ಏನೇನು ಕಿತ್ತು ನೋಡಿದಿರಿ, ವಾಲ್ಯೂಮ್ ಇಳಿಸಿದಾಗ ಸದ್ದು ಏನಾಯಿತು ಅಂತ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.